ಕಯೋಟಿ ಬೇಟೆ

ಕಯೋಟಿ ಬೇಟೆ ಎಂಬುದು ಉತ್ತರ ಅಮೆರಿಕ ಖಂಡದಲ್ಲಿ, ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ, ಕಯೋಟಿ ಎಂಬ ನಾಯಿಜಾತಿಯ ಕಾಡುಪ್ರಾಣಿಯನ್ನು ಕೊಲ್ಲುವ ರೂಢಿ. ಜಾನುವಾರುಗಳ ರಕ್ಷಣೆ, ಚರ್ಮದ ಮಾರಾಟ ಮತ್ತು ಕ್ರೀಡೆ ಎಂಬ ಮೂರು ಉದ್ದೇಶಗಳಿಂದ ಈ ಬೇಟೆ ನಡೆಯುತ್ತದೆ. ಕಯೋಟಿಯು ಹೆಚ್ಚಾಗಿ ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ ಮತ್ತು ರಾತ್ರಿಯಲ್ಲಿ ಸಂಚರಿಸುವುದರಿಂದ ಹಳ್ಳಿಗಾಡಿನ ಮನೆಗಳ ಸುತ್ತಮುತ್ತ ನಡೆಯುವ ಬೇಟೆಯ ಬಹುಪಾಲು ಮಬ್ಬುಬೆಳಕಿನ ಬೇಟೆಯೇ ಆಗಿರುತ್ತದೆ. ಬೆಳಕು ಕಡಿಮೆಯಾದಾಗ ಪ್ರಾಣಿಯನ್ನು ಗುರುತಿಸುವುದು ಕಷ್ಟವಾಗುತ್ತದೆ; ಮನೆ ಹತ್ತಿರವಿದ್ದಾಗ ತಪ್ಪಿದ ಗುಂಡಿನ ಅಪಾಯ ಹೆಚ್ಚುತ್ತದೆ. ಈ ಎರಡು ಕಾರಣಗಳಿಂದ ಈ ಬೇಟೆಯ ಕುರಿತು ಪ್ರತ್ಯೇಕ ಕಾನೂನುಗಳೂ ದೀರ್ಘಕಾಲದ ವಿವಾದಗಳೂ ಬೆಳೆದು ಬಂದಿವೆ.

ಪ್ರಾಣಿಯ ಪರಿಚಯ

ಕಯೋಟಿಯ ವೈಜ್ಞಾನಿಕ ಹೆಸರು ಕ್ಯಾನಿಸ್ ಲ್ಯಾಟ್ರಾನ್ಸ್. ‘ಬೊಗಳುವ ನಾಯಿ’ ಎಂದು ಇದರ ಅರ್ಥ. 1823ರಲ್ಲಿ ಥಾಮಸ್ ಸೇ ಎಂಬ ಅಮೆರಿಕದ ನಿಸರ್ಗ ವಿಜ್ಞಾನಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಅದಕ್ಕೂ ಮೊದಲು, 1804ರಲ್ಲಿ, ಲೂಯಿಸ್ ಮತ್ತು ಕ್ಲಾರ್ಕ್ ಅನ್ವೇಷಣಾ ತಂಡದವರು ಇದನ್ನು ‘ಹುಲ್ಲುಗಾವಲಿನ ತೋಳ’ ಎಂದು ಕರೆದು ದಾಖಲಿಸಿದ್ದರು. ಕಯೋಟಿ ಎಂಬ ಪದವು ಮೆಕ್ಸಿಕೊದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯ ‘ಕೊಯೋಟ್ಲ್’ ಎಂಬ ಪದದಿಂದ ಸ್ಪ್ಯಾನಿಷ್ ಮೂಲಕ ಇಂಗ್ಲಿಷಿಗೆ ಬಂದಿದೆ. ಕನ್ನಡ ಪತ್ರಿಕೆಗಳಲ್ಲಿ ಇದನ್ನು ಕೆಲವೊಮ್ಮೆ ತೋಳವೆಂದೂ ಕೆಲವೊಮ್ಮೆ ನರಿಯೆಂದೂ ಅನುವಾದಿಸುವುದುಂಟು. ಎರಡೂ ಸರಿಯಲ್ಲ. ಇದು ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಮತ್ತು ಭಾರತದಲ್ಲಿ ಇಲ್ಲವೇ ಇಲ್ಲ.

ಬೆಳೆದ ಕಯೋಟಿಯ ತೂಕ ಸಾಮಾನ್ಯವಾಗಿ 8ರಿಂದ 20 ಕಿಲೋಗ್ರಾಂ. ಬೂದು ಮತ್ತು ಕಂದು ಬೆರೆತ ಮೈಬಣ್ಣ, ಚೂಪಾದ ಮೂತಿ, ನೆಟ್ಟಗಿನ ದೊಡ್ಡ ಕಿವಿಗಳು ಮತ್ತು ತುದಿ ಕಪ್ಪಾದ ಪೊದೆಬಾಲ ಇದರ ಲಕ್ಷಣಗಳು. ಓಡುವಾಗ ಬಾಲವನ್ನು ಕೆಳಗೆ ಇಳಿಬಿಟ್ಟಿರುತ್ತದೆ. ಮೂಲತಃ ಇದು ಅಮೆರಿಕದ ಪಶ್ಚಿಮದ ಬಯಲು ಮತ್ತು ಮರುಭೂಮಿಗಳ ಪ್ರಾಣಿ. ತೋಳಗಳನ್ನು ಕೊಂದು ಮುಗಿಸಿ, ಕಾಡುಗಳನ್ನು ಕಡಿದು ಹೊಲಗಳನ್ನಾಗಿ ಮಾಡಿದ ಮೇಲೆ ತೆರವಾದ ಜಾಗವನ್ನು ಇದು ತುಂಬಿತು. ಇಂದು ಅಲಾಸ್ಕದಿಂದ ಪನಾಮದವರೆಗೆ ಕಂಡುಬರುತ್ತದೆ. ಅಮೆರಿಕದ ರಾಜ್ಯಗಳ ಪೈಕಿ ಹವಾಯಿ ಒಂದರಲ್ಲಿ ಮಾತ್ರ ಇಲ್ಲ. ಪೂರ್ವ ಭಾಗದ ಕಯೋಟಿಗಳಲ್ಲಿ ತೋಳ ಮತ್ತು ಸಾಕುನಾಯಿಯ ರಕ್ತವೂ ಸೇರಿರುವುದರಿಂದ ಅವು ಪಶ್ಚಿಮದವಕ್ಕಿಂತ ದಪ್ಪವಾಗಿರುತ್ತವೆ. ಗುರುತಿಸುವಲ್ಲಿ ಆಗುವ ತಪ್ಪುಗಳಿಗೆ ಇದೂ ಒಂದು ಕಾರಣ.

ಗಂಡು ಹೆಣ್ಣುಗಳು ಜೋಡಿಯಾಗಿ ಬಾಳುತ್ತವೆ. ಚಳಿಗಾಲದ ಕೊನೆಯಲ್ಲಿ ಕೂಡಿ, ಸುಮಾರು 63 ದಿನಗಳ ಗರ್ಭಾವಧಿಯ ನಂತರ ವಸಂತದಲ್ಲಿ ಮರಿ ಹಾಕುತ್ತವೆ. ಒಂದು ಸೂಲಿಗೆ ಆರರ ಆಸುಪಾಸು ಮರಿಗಳು. ಎರಡೇ ಕಯೋಟಿಗಳು ದನಿಯನ್ನು ಏರಿಳಿಸಿ ಕೂಗಿದರೆ ಕೇಳುವವರಿಗೆ ಏಳೆಂಟು ಪ್ರಾಣಿಗಳ ಹಿಂಡು ಕೂಗಿದಂತೆ ಭಾಸವಾಗುತ್ತದೆ. ರಾತ್ರಿಯಲ್ಲಿ ಮನೆಯ ಹಿಂದಿನ ಬಯಲಿನಿಂದ ಈ ಕೂಗನ್ನು ಕೇಳಿದವರು ಪ್ರಾಣಿಗಳ ಸಂಖ್ಯೆಯನ್ನು ಹೆಚ್ಚಾಗಿ ಅಂದಾಜಿಸುವುದು ಸಾಮಾನ್ಯ.

ಮನೆಗಳ ಸಮೀಪಕ್ಕೆ ಬರುವ ಕಾರಣ

ಕಯೋಟಿಯ ಮುಖ್ಯ ಆಹಾರ ಇಲಿ, ಮೊಲ ಮುಂತಾದ ಸಣ್ಣ ಪ್ರಾಣಿಗಳು. ಇದರೊಂದಿಗೆ ಹಣ್ಣು, ಮಿಡತೆ, ಸತ್ತ ಪ್ರಾಣಿಯ ಮಾಂಸ, ಜಿಂಕೆಯ ಮರಿ ಯಾವುದನ್ನೂ ಅದು ಬಿಡುವುದಿಲ್ಲ. ಷಿಕಾಗೊ ನಗರದ ಸುತ್ತ 2000ದಿಂದ ಸ್ಟ್ಯಾನ್ಲಿ ಗೆರ್ಟ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ನಡೆದುಬಂದ ಅಧ್ಯಯನವು ನಗರದ ಕಯೋಟಿಗಳೂ ಹೆಚ್ಚಾಗಿ ಇಲಿಜಾತಿಯ ಪ್ರಾಣಿಗಳನ್ನೇ ತಿಂದು ಬದುಕುತ್ತವೆಂದು ತೋರಿಸಿದೆ. ಹೀಗಿದ್ದರೂ ಹಳ್ಳಿಯ ಮನೆಯಂಗಳದಲ್ಲಿ ಅದನ್ನು ಸೆಳೆಯುವ ವಸ್ತುಗಳು ಅನೇಕ. ಹೊರಗೆ ಇಟ್ಟ ನಾಯಿ-ಬೆಕ್ಕಿನ ಊಟ, ಮುಚ್ಚದ ಕಸದ ಡಬ್ಬಿ, ಮರದಡಿ ಉದುರಿದ ಸೇಬು, ಪಕ್ಷಿಗಳಿಗೆಂದು ಹಾಕಿದ ಕಾಳಿಗೆ ಬರುವ ಇಲಿಗಳು, ಕೋಳಿಗೂಡು, ಕುರಿಮರಿಗಳು ಇವುಗಳಲ್ಲಿ ಕೆಲವು. ಸತ್ತ ದನವನ್ನು ಹೂಳದೆ ಹೊಲದ ಮೂಲೆಯಲ್ಲಿ ಎಸೆಯುವ ಪದ್ಧತಿಯು ಕಯೋಟಿಯನ್ನು ಕರೆದು ಅನ್ನವಿಟ್ಟಂತೆಯೇ ಸರಿ.

ನಷ್ಟವಂತೂ ಸುಳ್ಳಲ್ಲ. ಅಮೆರಿಕದಲ್ಲಿ ಕಾಡುಪ್ರಾಣಿಗಳಿಗೆ ಬಲಿಯಾಗುವ ಕುರಿ ಮತ್ತು ಕುರಿಮರಿಗಳ ಪೈಕಿ ಅರ್ಧಕ್ಕಿಂತ ಹೆಚ್ಚನ್ನು ಕಯೋಟಿಗಳೇ ಕೊಲ್ಲುತ್ತವೆಂದು ಅಲ್ಲಿನ ಕೃಷಿ ಇಲಾಖೆಯ ಸಮೀಕ್ಷೆಗಳು ಹೇಳುತ್ತವೆ. ನೂರಿನ್ನೂರು ಕುರಿಗಳನ್ನು ನಂಬಿದ ಸಣ್ಣ ಸಾಕಣೆದಾರನಿಗೆ ಒಂದು ವಸಂತದಲ್ಲಿ ಹತ್ತಾರು ಮರಿಗಳು ಹೋದರೆ ಆ ವರ್ಷದ ಲಾಭವೇ ಹೋದಂತೆ. ಈ ಬೇಟೆಯ ವಿಚಾರವನ್ನು ಪೇಟೆಯಲ್ಲಿ ಕುಳಿತು ವಿಮರ್ಶಿಸುವವರು ಈ ಸಂಗತಿಯನ್ನು ಮರೆಯಬಾರದು. ಆದರೆ ಸತ್ತ ಕುರಿಯೆಲ್ಲವೂ ಕಯೋಟಿಯ ಬೇಟೆಯಲ್ಲ. ಕಯೋಟಿಯು ಕುರಿಯ ಗಂಟಲನ್ನು ಕಚ್ಚಿ ಉಸಿರುಗಟ್ಟಿಸಿ ಕೊಲ್ಲುತ್ತದೆ. ಒಡೆಯನಿಲ್ಲದೆ ತಿರುಗುವ ನಾಯಿಗಳಾದರೋ ಹಿಂಗಾಲು, ಪಕ್ಕೆ, ಕಿವಿ ಎನ್ನದೆ ಸಿಕ್ಕಲ್ಲೆಲ್ಲ ಕಚ್ಚಿ ಅನೇಕ ಕುರಿಗಳನ್ನು ಗಾಯಗೊಳಿಸಿ, ತಿನ್ನದೆ ಬಿಟ್ಟುಹೋಗುತ್ತವೆ. ಗಾಯವನ್ನು ಪರೀಕ್ಷಿಸದೆ ಕೋವಿ ಎತ್ತಿದವನು ನೆರೆಮನೆಯ ನಾಯಿಯ ತಪ್ಪಿಗೆ ಕಯೋಟಿಯನ್ನು ಶಿಕ್ಷಿಸಿದಂತಾಗುತ್ತದೆ.

ಮನುಷ್ಯರ ಮೇಲೆ ಕಯೋಟಿಯ ದಾಳಿ ಅಪರೂಪ. ಸಾವಿನಲ್ಲಿ ಕೊನೆಗೊಂಡು ದೃಢಪಟ್ಟ ಪ್ರಕರಣಗಳು ಎರಡು: 1981ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದು ಮಗು ಮತ್ತು 2009ರಲ್ಲಿ ಕೆನಡಾದ ನೋವಾ ಸ್ಕೋಷಿಯದ ಕೇಪ್ ಬ್ರೆಟನ್ ದ್ವೀಪದಲ್ಲಿ ಒಬ್ಬ ಯುವತಿ. ಎರಡನೆಯ ಘಟನೆಯ ಬೆನ್ನಿಗೆ, 2010ರಲ್ಲಿ, ನೋವಾ ಸ್ಕೋಷಿಯ ಸರ್ಕಾರವು ಕಯೋಟಿಯ ಪ್ರತಿ ಚರ್ಮಕ್ಕೆ 20 ಡಾಲರ್ ಪ್ರೋತ್ಸಾಹಧನ ಘೋಷಿಸಿತು.

ಇತಿಹಾಸ

ಅಮೆರಿಕದ ಮೂಲನಿವಾಸಿಗಳ ಕಥೆಗಳಲ್ಲಿ ಕಯೋಟಿಗೆ ಪ್ರಮುಖ ಸ್ಥಾನವಿದೆ. ಅದು ಚತುರ, ಮೋಸಗಾರ, ಕೆಲವು ಕಡೆ ಲೋಕವನ್ನು ರೂಪಿಸಿದ ಸೃಷ್ಟಿಕರ್ತನೂ ಹೌದು. ನಮ್ಮ ಪಂಚತಂತ್ರದ ನರಿಗಳನ್ನು ಬಲ್ಲವರಿಗೆ ಈ ಪಾತ್ರ ಅಪರಿಚಿತವೆನಿಸದು. ಯುರೋಪಿನಿಂದ ಬಂದು ನೆಲೆಸಿದವರ ದೃಷ್ಟಿ ಬೇರೆಯಾಗಿತ್ತು. ಕುರಿ-ದನಗಳ ಸಾಕಣೆ ಪಶ್ಚಿಮಕ್ಕೆ ಹಬ್ಬಿದಂತೆ ಕಯೋಟಿಯು ಶತ್ರುವಾಯಿತು.

1915ರಲ್ಲಿ ಅಮೆರಿಕದ ಕಾಂಗ್ರೆಸ್ಸು ಹಿಂಸ್ರಪಶುಗಳ ನಿಯಂತ್ರಣಕ್ಕಾಗಿ ಜೈವಿಕ ಸಮೀಕ್ಷಾ ಕಚೇರಿಗೆ 1,25,000 ಡಾಲರ್ ಮಂಜೂರು ಮಾಡಿತು. 1931ರ ಕಾಯ್ದೆಯೊಂದು ಈ ಕಾರ್ಯಕ್ಕೆ ಶಾಶ್ವತ ಆಧಾರ ಒದಗಿಸಿತು. ಬೋನು, ಬಂದೂಕುಗಳಿಗಿಂತ ಹೆಚ್ಚಾಗಿ ವಿಷದಿಂದ ಕೊಲ್ಲುವ ಕೆಲಸ ನಡೆಯಿತು. ಮೊದಲು ಸ್ಟ್ರಿಕ್ನೀನ್, ಎರಡನೆಯ ಮಹಾಯುದ್ಧದ ಕಾಲದಿಂದ ‘1080’ ಎಂದು ಹೆಸರಾದ ಸೋಡಿಯಂ ಫ್ಲೂರೋಅಸಿಟೇಟ್ ಬಳಕೆಯಾದವು. ವಿಷವಿಟ್ಟ ಮಾಂಸವನ್ನು ಹದ್ದು, ನಾಯಿ, ಕರಡಿಗಳೂ ತಿಂದು ಸಾಯುತ್ತಿದ್ದುದರಿಂದ ವಿರೋಧ ಬೆಳೆಯಿತು. 1972ರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಒಕ್ಕೂಟ ಸರ್ಕಾರದ ಭೂಮಿಯಲ್ಲಿ ಹಿಂಸ್ರಪಶುಗಳಿಗೆ ವಿಷವಿಡುವುದನ್ನು ಆಜ್ಞೆಯ ಮೂಲಕ ನಿಲ್ಲಿಸಿದರು. ಆ ನಿಷೇಧ ಮುಂದೆ ಸಡಿಲಗೊಂಡು, ಸಯನೈಡ್ ಚಿಮ್ಮಿಸುವ ಎಂ-44 ಎಂಬ ಸಾಧನವು 1975ರಲ್ಲಿ ಮತ್ತೆ ಬಳಕೆಗೆ ಬಂತು. ಇಂದಿನ ‘ವೈಲ್ಡ್‌ಲೈಫ್ ಸರ್ವಿಸಸ್’ ಎಂಬ ಸರ್ಕಾರಿ ಸಂಸ್ಥೆಯು ಹಳೆಯ ನಿಯಂತ್ರಣ ಕಚೇರಿಯ ಮುಂದುವರಿಕೆ. 1997ರಲ್ಲಿ ಅದಕ್ಕೆ ಈ ಹೆಸರು ಬಂದಿತು. ಈಚಿನ ವರ್ಷಗಳಲ್ಲೂ ಅದು ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು ಕಯೋಟಿಗಳನ್ನು ಕೊಂದಿದೆ. ಖಾಸಗಿ ಬೇಟೆಗಾರರು ಕೊಲ್ಲುವುದು ಈ ಲೆಕ್ಕದಲ್ಲಿ ಸೇರಿಲ್ಲ.

ವಿಷದ ಬಳಕೆ ಕಡಿಮೆಯಾದಂತೆ ಬಂದೂಕಿನ ಬೇಟೆಗೆ ಮಹತ್ವ ಹೆಚ್ಚಿತು. ಇದರ ಜೊತೆಗೆ ಮನುಷ್ಯರ ಕಾಟ ಹೆಚ್ಚಿದಲ್ಲಿ ಕಯೋಟಿಯು ಹಗಲಿನ ಓಡಾಟವನ್ನು ಬಿಟ್ಟು ರಾತ್ರಿಯ ಪ್ರಾಣಿಯಾಯಿತು. ಬೇಟೆಗಾರನೂ ಅದರ ಹಿಂದೆ ಕತ್ತಲೆಗೆ ಕಾಲಿಟ್ಟನು.

ಮಬ್ಬುಬೆಳಕು ಮತ್ತು ಮನುಷ್ಯನ ಕಣ್ಣು

ಈ ಬೇಟೆಯ ಕಷ್ಟವನ್ನು ಅರಿಯಲು ಕಣ್ಣಿನ ಕೆಲಸವನ್ನು ಸ್ವಲ್ಪ ಅರಿಯಬೇಕು. ನಡುಹಗಲಿನ ಬಿಸಿಲಿನ ಬೆಳಕು ಸುಮಾರು 1,00,000 ಲಕ್ಸ್ ಇರುತ್ತದೆ. ಸೂರ್ಯನು ಕ್ಷಿತಿಜದಿಂದ 6 ಡಿಗ್ರಿ ಕೆಳಗಿಳಿದು ನಾಗರಿಕ ಸಂಧ್ಯೆ ಮುಗಿಯುವ ಹೊತ್ತಿಗೆ ಅದು ಮೂರು ನಾಲ್ಕು ಲಕ್ಸ್‌ಗೆ ಇಳಿಯುತ್ತದೆ. ಹುಣ್ಣಿಮೆಯ ಬೆಳ್ದಿಂಗಳು ಒಂದು ಲಕ್ಸ್‌ನ ಕಾಲುಭಾಗವನ್ನೂ ದಾಟುವುದು ಕಷ್ಟ.

ಕಣ್ಣಿನ ಅಕ್ಷಿಪಟಲದಲ್ಲಿ ಎರಡು ಬಗೆಯ ಬೆಳಕುಗ್ರಾಹಿ ಕೋಶಗಳಿವೆ. ಶಂಕುಕೋಶಗಳು ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಕಾಣುತ್ತವೆ, ಆದರೆ ಅವಕ್ಕೆ ಹೆಚ್ಚು ಬೆಳಕು ಬೇಕು. ದಂಡಕೋಶಗಳು ಅಲ್ಪ ಬೆಳಕಿನಲ್ಲೂ ಕೆಲಸ ಮಾಡುತ್ತವೆ, ಆದರೆ ಬಣ್ಣವನ್ನು ಗುರುತಿಸಲಾರವು. ನಾವು ಯಾವುದನ್ನಾದರೂ ದಿಟ್ಟಿಸಿದಾಗ ಅದರ ಬಿಂಬ ಬೀಳುವ ಅಕ್ಷಿಪಟಲದ ನಟ್ಟನಡುವಿನ ಭಾಗದಲ್ಲಿ ದಂಡಕೋಶಗಳು ಇರುವುದೇ ಇಲ್ಲ. ಆದ್ದರಿಂದ ಕತ್ತಲಲ್ಲಿ ಒಂದು ವಸ್ತುವನ್ನು ನೇರವಾಗಿ ನೋಡಿದರೆ ಅದು ಮಾಯವಾದಂತಾಗಿ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಮತ್ತೆ ಕಾಣುತ್ತದೆ. ಮಂಕಾದ ನಕ್ಷತ್ರವನ್ನು ನೋಡಿ ಯಾರೂ ಇದನ್ನು ಪರೀಕ್ಷಿಸಬಹುದು. ಕತ್ತಲೆಗೆ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಕಾಲ ಬೇಕು, ಮತ್ತು ಮನೆಯ ವರಾಂಡದ ಬಲ್ಬೊಂದನ್ನು ಕ್ಷಣಕಾಲ ನೋಡಿದರೂ ಆ ಹೊಂದಾಣಿಕೆ ಕೆಡುತ್ತದೆ. ಕೆಂಪು ಬೆಳಕು ದಂಡಕೋಶಗಳನ್ನು ಅಷ್ಟಾಗಿ ಕೆಣಕುವುದಿಲ್ಲ. ರಾತ್ರಿ ಬೇಟೆಯವರು ಕೆಂಪು ಗಾಜಿನ ಟಾರ್ಚ್ ಹಿಡಿಯುವುದು ಈ ಕಾರಣದಿಂದ.

ಕಯೋಟಿಯ ಸ್ಥಿತಿ ಇದಕ್ಕೆ ವಿರುದ್ಧ. ಅದರ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಒಂದು ಪದರವಿದ್ದು, ಒಳಬಂದ ಬೆಳಕನ್ನು ಎರಡನೆಯ ಬಾರಿ ಗ್ರಾಹಿಕೋಶಗಳ ಕಡೆಗೆ ಕಳುಹಿಸುತ್ತದೆ. ಟಾರ್ಚಿನ ಬೆಳಕಿಗೆ ಅದರ ಕಣ್ಣು ಹೊಳೆಯುವುದು ಈ ಪದರದಿಂದಲೇ. ಆದರೆ ನಾಯಿ, ಬೆಕ್ಕು, ಜಿಂಕೆ, ಕರು ಎಲ್ಲವುಗಳ ಕಣ್ಣಿನಲ್ಲೂ ಇಂತಹ ಪದರವಿದೆ. ಕಣ್ಣಿನ ಹೊಳಪನ್ನು ಕಂಡ ಮಾತ್ರಕ್ಕೆ ಅದು ಕಯೋಟಿಯೆಂದು ತೀರ್ಮಾನಿಸಲಾಗದು.

ದುರ್ಬೀನು, ಸ್ಕೋಪ್ ಮತ್ತು ರಾತ್ರಿದೃಷ್ಟಿ ಸಾಧನಗಳು

ಬಂದೂಕಿನ ಮೇಲಿನ ಸ್ಕೋಪ್ ಬೆಳಕನ್ನು ಉತ್ಪಾದಿಸುವುದಿಲ್ಲ. ಇದ್ದ ಬೆಳಕನ್ನು ಸಂಗ್ರಹಿಸಿ ಕಣ್ಣಿಗೆ ಕೊಡುತ್ತದೆ. ಎಷ್ಟು ಕೊಡುತ್ತದೆ ಎಂಬುದಕ್ಕೆ ಸರಳ ಲೆಕ್ಕವೊಂದಿದೆ. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಹೊರಬರುವ ಬೆಳಕಿನ ಕಂಬದ ವ್ಯಾಸ ಸಿಗುತ್ತದೆ. ಅಮೆರಿಕದಲ್ಲಿ ಬಹಳ ಪ್ರಚಾರದಲ್ಲಿರುವ 3ರಿಂದ 9 ಪಟ್ಟು ವರ್ಧನೆಯ, 40 ಮಿಲಿಮೀಟರ್ ಮಸೂರದ ಸ್ಕೋಪನ್ನು ತೆಗೆದುಕೊಳ್ಳೋಣ. 9 ಪಟ್ಟಿನಲ್ಲಿ ಈ ವ್ಯಾಸ 4.4 ಮಿ.ಮೀ. ಮಾತ್ರ; 6 ಪಟ್ಟಿಗೆ ಇಳಿಸಿದರೆ 6.7 ಮಿ.ಮೀ. ಯುವಕನ ಪಾಪೆ ಕತ್ತಲಲ್ಲಿ ಸುಮಾರು 7 ಮಿ.ಮೀ. ಅಗಲವಾಗುತ್ತದೆ. ಆದ್ದರಿಂದ ಮುಸ್ಸಂಜೆಯಲ್ಲಿ ವರ್ಧನೆಯನ್ನು ಹೆಚ್ಚಿಸಿದವನಿಗಿಂತ ತಗ್ಗಿಸಿದವನಿಗೆ ಬಿಂಬ ಬೆಳಕಾಗಿ ಕಾಣುತ್ತದೆ. ಯುರೋಪಿನಲ್ಲಿ ಸಂಜೆಬೇಟೆಗೆಂದು 8 ಪಟ್ಟು ವರ್ಧನೆಗೆ 56 ಮಿ.ಮೀ. ಮಸೂರ ಜೋಡಿಸುವ ರೂಢಿ ಬೆಳೆದದ್ದು ಇದೇ 7 ಮಿ.ಮೀ. ಲೆಕ್ಕದಿಂದ. ವಯಸ್ಸಾದಂತೆ ಪಾಪೆಯ ಅಗಲ ಕುಗ್ಗುತ್ತದೆ. ಅರವತ್ತು ದಾಟಿದ ನಮ್ಮಂಥವರಿಗೆ 5 ಮಿ.ಮೀ. ಸಿಕ್ಕರೆ ಅದೇ ಹೆಚ್ಚು. ಎಷ್ಟೇ ಬೆಲೆಯ ಸ್ಕೋಪ್ ಕೊಂಡರೂ ಉಳಿದ ಬೆಳಕು ಕಣ್ಣಿನ ಹೊರಗೇ ಉಳಿಯುತ್ತದೆ.

ರಾತ್ರಿದೃಷ್ಟಿ ಸಾಧನಗಳು ಎರಡು ಬಗೆಯವು. ಮೊದಲನೆಯದು ನಕ್ಷತ್ರ-ಚಂದ್ರರ ಅಲ್ಪ ಬೆಳಕನ್ನು ವಿದ್ಯುನ್ಮಾನ ನಳಿಕೆಯಲ್ಲಿ ಸಾವಿರಾರು ಪಟ್ಟು ಹೆಚ್ಚಿಸಿ ಹಸಿರು ಪರದೆಯ ಮೇಲೆ ತೋರಿಸುತ್ತದೆ. ಇದು ಸೈನ್ಯದಿಂದ ಬಂದದ್ದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಇದನ್ನು ಬಳಸಿದ್ದರು. ಎರಡನೆಯದು ಉಷ್ಣಬಿಂಬ ಸಾಧನ. ಎಲ್ಲ ಬೆಚ್ಚನೆಯ ವಸ್ತುಗಳೂ ಹೊರಸೂಸುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಇದು ಗ್ರಹಿಸುತ್ತದೆ. ಇದಕ್ಕೆ ಬೆಳಕೇ ಬೇಡ. ಸಾಧಾರಣ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಇದರ ಮಸೂರವನ್ನು ಜರ್ಮೇನಿಯಂನಿಂದ ಮಾಡುತ್ತಾರೆ. ಮನೆಯೊಳಗೆ ನಿಂತು ಕಿಟಕಿಯ ಗಾಜಿನ ಮೂಲಕ ನೋಡಿದರೆ ಹೊರಗಿನ ಪ್ರಾಣಿ ಕಾಣದು.

ಉಷ್ಣಬಿಂಬವು ಪ್ರಾಣಿ ‘ಇದೆ’ ಎಂಬುದನ್ನು ಅತ್ಯಂತ ಚೆನ್ನಾಗಿ ಹೇಳುತ್ತದೆ. ಅದು ‘ಯಾವುದು’ ಎಂಬುದನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಬಣ್ಣವಿಲ್ಲ, ಕತ್ತಿನ ಪಟ್ಟಿ ಕಾಣುವುದು ಕಷ್ಟ, ದೂರ ಹೆಚ್ಚಿದಂತೆ ಆಕೃತಿ ಒಂದು ಬಿಳಿಯ ಚುಕ್ಕೆಯಾಗುತ್ತದೆ. ಈ ಸಾಧನಗಳ ಬೆಲೆ ಇಳಿದು ಸಾಮಾನ್ಯ ಬೇಟೆಗಾರರ ಕೈಗೆ ಬಂದ ಮೇಲೆ, ಕಂಡ ಕೂಡಲೇ ಗುರುತಿಸಿದೆ ಎಂಬ ಭ್ರಮೆಯೂ ಅದರೊಂದಿಗೇ ಬಂದಿದೆ ಎನ್ನಬೇಕಾಗುತ್ತದೆ.

ಬೇಟೆಯ ಕ್ರಮ

ಕಯೋಟಿಯನ್ನು ಅರಸಿ ಹೋಗುವುದಕ್ಕಿಂತ ಅದನ್ನು ಕರೆದು ಬರಿಸುವುದೇ ಹೆಚ್ಚು ರೂಢಿಯಲ್ಲಿರುವ ಕ್ರಮ. ಗಾಯಗೊಂಡ ಮೊಲದ ಕಿರಿಚಾಟವನ್ನು ಹೋಲುವ ಸದ್ದನ್ನು ಬಾಯಲ್ಲಿ ಊದುವ ಪೀಪಿಯಿಂದಲೋ ಧ್ವನಿವರ್ಧಕವುಳ್ಳ ಯಂತ್ರದಿಂದಲೋ ಹೊರಡಿಸುತ್ತಾರೆ. ಕೂಡುವ ಕಾಲದಲ್ಲಿ ಕಯೋಟಿಯ ಕೂಗನ್ನೇ ಅನುಕರಿಸುವುದೂ ಉಂಟು. ಸದ್ದು ಕೇಳಿದ ಕಯೋಟಿ ನೇರವಾಗಿ ಬರುವುದಿಲ್ಲ. ಬಳಸಿಕೊಂಡು ಗಾಳಿ ಬೀಸಿಹೋಗುವ ದಿಕ್ಕಿಗೆ ಸರಿದು, ವಾಸನೆ ಹಿಡಿದು, ಅನುಮಾನ ಬಗೆಹರಿದರೆ ಮಾತ್ರ ಹತ್ತಿರವಾಗುತ್ತದೆ. ಆದ್ದರಿಂದ ಬೇಟೆಗಾರನು ಗಾಳಿಯ ದಿಕ್ಕನ್ನು ನೋಡಿ ಕೂರುವ ಜಾಗ ಆರಿಸುತ್ತಾನೆ. ಒಂದೆಡೆ ಹತ್ತು ಹದಿನೈದು ನಿಮಿಷ ಕಾದು ಬರದಿದ್ದರೆ ಜಾಗ ಬದಲಾಯಿಸುತ್ತಾರೆ. ಹಲವು ಬಾರಿ ಮೋಸಹೋಗಿ ಬದುಕುಳಿದ ಕಯೋಟಿ ಮತ್ತೆ ಆ ಸದ್ದಿಗೆ ಬಾರದು.

.223 ರೆಮಿಂಗ್ಟನ್, .22-250 ಮತ್ತು .243 ವಿಂಚೆಸ್ಟರ್ ತೋಟಾಗಳ ರೈಫಲ್‌ಗಳು ಈ ಬೇಟೆಯಲ್ಲಿ ಹೆಚ್ಚು ಬಳಕೆಯಲ್ಲಿವೆ. ಪೊದೆ ದಟ್ಟವಾಗಿದ್ದು ದೂರ ಕಡಿಮೆಯಿರುವ ಕಡೆ ದಪ್ಪ ಚರೆಯ ಶಾಟ್‌ಗನ್ನು ಬಳಸುತ್ತಾರೆ. ಚಳಿಗಾಲದ ಚರ್ಮಕ್ಕೆ ಮಾತ್ರ ಬೆಲೆ. ಚಳಿಯಂಗಿಗಳ ಟೋಪಿಯ ಅಂಚಿಗೆ ಕಯೋಟಿಯ ತುಪ್ಪಳ ಬಳಸುತ್ತಿದ್ದ ಕೆನಡಾ ಗೂಸ್ ಕಂಪನಿಯು 2022ರ ಕೊನೆಯೊಳಗೆ ತುಪ್ಪಳದ ಬಳಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು.

ಮನೆಯ ಸಮೀಪದಲ್ಲಿ ಅಪಾಯ

ಹಳ್ಳಿಮನೆಯ ಹಿತ್ತಲಿನಿಂದ ಹಾರಿಸಿದ ಗುಂಡು ಹಿತ್ತಲಿನಲ್ಲೇ ನಿಲ್ಲುವುದಿಲ್ಲ. ಚಿಕ್ಕದೆಂದು ಜನ ಹಗುರವಾಗಿ ಕಾಣುವ .22 ರಿಮ್‌ಫೈರ್ ಗುಂಡೂ ಒಂದೂವರೆ ಮೈಲಿ, ಅಂದರೆ ಸುಮಾರು 2.4 ಕಿಲೋಮೀಟರ್ ದೂರ ಹೋಗಬಲ್ಲದು ಎಂದು ಅದರ ಡಬ್ಬಿಯ ಮೇಲೆಯೇ ಎಚ್ಚರಿಕೆ ಮುದ್ರಿಸಿರುತ್ತಾರೆ. ರೈಫಲ್ ತೋಟಾಗಳ ಗುಂಡು ಇನ್ನೂ ದೂರ ಹೋಗುತ್ತದೆ. ಹಗಲಿನಲ್ಲಿ ಗುರಿಯ ಹಿಂದೆ ಏನಿದೆಯೆಂದು ಕಾಣುತ್ತದೆ. ಮಬ್ಬಿನಲ್ಲಿ ದಿಬ್ಬದ ಅಂಚಿನಲ್ಲಿ ನಿಂತ ಕಯೋಟಿಯ ಆಕೃತಿ ಆಕಾಶದ ಎದುರು ಸ್ಪಷ್ಟವಾಗಿ ಕಾಣುವುದು ನಿಜ, ಆದರೆ ದಿಬ್ಬದ ಆಚೆಗಿನ ರಸ್ತೆ, ದನದ ಕೊಟ್ಟಿಗೆ, ನೆರೆಯವರ ಮನೆ ಕಾಣುವುದಿಲ್ಲ. ಹಿಂದೆ ಮಣ್ಣಿನ ಏರಿಯಿದ್ದು, ಬಂದೂಕು ಎತ್ತರದಿಂದ ಕೆಳಮುಖವಾಗಿ ಇದ್ದಾಗ ಮಾತ್ರ ಹಾರಿಸಬೇಕೆಂದು ಬೇಟೆ ಶಿಕ್ಷಣದ ತರಗತಿಗಳಲ್ಲಿ ಕಲಿಸುತ್ತಾರೆ. ಗುರಿಯನ್ನೂ ಗುರಿಯ ಆಚೆಗಿರುವುದನ್ನೂ ಖಚಿತಪಡಿಸಿಕೊಳ್ಳದೆ ಟ್ರಿಗರ್ ಮೇಲೆ ಬೆರಳಿಡಬಾರದೆಂಬುದು ಅಲ್ಲಿನ ಮೂಲಪಾಠಗಳಲ್ಲೊಂದು. ಬಂದೂಕಿಗೆ ಜೋಡಿಸಿದ ಸ್ಕೋಪನ್ನೇ ದುರ್ಬೀನಿನಂತೆ ಬಳಸಿ ‘ಅದೇನು?’ ಎಂದು ನೋಡುವ ಅಭ್ಯಾಸವನ್ನು ಬಲವಾಗಿ ಖಂಡಿಸಲಾಗುತ್ತದೆ. ನೋಡಿದ್ದು ಮನುಷ್ಯನಾಗಿದ್ದರೆ, ಅವನತ್ತ ಬಂದೂಕು ಆಗಲೇ ತಿರುಗಿರುತ್ತದೆ.

ಈ ಕಾರಣದಿಂದ ವಾಸದ ಮನೆಗಳಿಂದ ಇಂತಿಷ್ಟು ದೂರದೊಳಗೆ ಗುಂಡು ಹಾರಿಸುವುದನ್ನು ಅನೇಕ ರಾಜ್ಯಗಳು ನಿಷೇಧಿಸಿವೆ. ಕ್ಯಾಲಿಫೋರ್ನಿಯದಲ್ಲಿ ಈ ಅಂತರ 150 ಗಜ (ಸುಮಾರು 137 ಮೀಟರ್). ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲಿ 500 ಅಡಿ (ಸುಮಾರು 152 ಮೀಟರ್). ಮನೆಯ ಒಡೆಯನಿಗೆ ಮತ್ತು ಅವನ ಅನುಮತಿ ಪಡೆದವರಿಗೆ ವಿನಾಯಿತಿ ಇರುತ್ತದೆ.

ತಪ್ಪು ಗುರುತು: ಕೆಂಪು ತೋಳದ ಪ್ರಕರಣ

ಮಬ್ಬುಬೆಳಕಿನ ಬೇಟೆ ಯಾವ ಹಂತಕ್ಕೆ ಹೋಗಬಹುದೆಂಬುದಕ್ಕೆ ಉತ್ತರ ಕ್ಯಾರೊಲಿನ ರಾಜ್ಯದ ಕೆಂಪು ತೋಳದ ಪ್ರಕರಣ ಪ್ರಸಿದ್ಧವಾಗಿದೆ. ಕೆಂಪು ತೋಳವು ಕಯೋಟಿಗಿಂತ ದೊಡ್ಡದಾದರೂ ನೋಟಕ್ಕೆ ಅದನ್ನೇ ಹೋಲುತ್ತದೆ. ಎಳೆಯ ಕೆಂಪು ತೋಳವನ್ನೂ ಬೆಳೆದ ಕಯೋಟಿಯನ್ನೂ ಹಗಲಿನಲ್ಲಿ ಹತ್ತಿರದಿಂದ ನೋಡಿದರೂ ಬೇರ್ಪಡಿಸುವುದು ಸುಲಭವಲ್ಲ. 1980ರಲ್ಲಿ ಈ ತೋಳವು ಕಾಡಿನಿಂದ ಅಳಿದುಹೋಯಿತೆಂದು ಘೋಷಿಸಲಾಗಿತ್ತು. ಬಂಧನದಲ್ಲಿ ಬೆಳೆಸಿದ ತೋಳಗಳನ್ನು 1987ರಲ್ಲಿ ಉತ್ತರ ಕ್ಯಾರೊಲಿನದ ಅಲಿಗೇಟರ್ ರಿವರ್ ವನ್ಯಜೀವಿ ಆಶ್ರಯಧಾಮದಲ್ಲಿ ಬಿಟ್ಟು, ಕಾಲು ಶತಮಾನದ ಶ್ರಮದಿಂದ ಅವುಗಳ ಸಂಖ್ಯೆಯನ್ನು ನೂರರ ಆಚೆಗೆ ತರಲಾಯಿತು.

2012ರಲ್ಲಿ ಆ ರಾಜ್ಯದ ವನ್ಯಜೀವಿ ಆಯೋಗವು ಕಯೋಟಿಗಳನ್ನು ರಾತ್ರಿಯಲ್ಲಿ ಬೆಳಕು ಹಾಕಿ ಬೇಟೆಯಾಡಲು ಅನುಮತಿಸಿತು. ಕೆಂಪು ತೋಳಗಳಿರುವ ಡೇರ್, ಟಿರೆಲ್, ಹೈಡ್, ಬೋಫರ್ಟ್ ಮತ್ತು ವಾಷಿಂಗ್ಟನ್ ಕೌಂಟಿಗಳೂ ಇದರಲ್ಲಿ ಸೇರಿದ್ದವು. ಕಯೋಟಿಯೆಂದು ಭಾವಿಸಿ ತೋಳಗಳನ್ನು ಕೊಲ್ಲಲಾಗುತ್ತಿದೆ ಎಂದು ಸಂರಕ್ಷಣಾ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2014ರ ಮೇ ತಿಂಗಳಲ್ಲಿ ಒಕ್ಕೂಟ ನ್ಯಾಯಾಲಯವು ಈ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಗೆ ತಡೆಯಾಜ್ಞೆ ನೀಡಿತು. ಅದೇ ವರ್ಷದ ಕೊನೆಯಲ್ಲಿ ಆದ ಒಪ್ಪಂದದಂತೆ ಅಲ್ಲಿ ರಾತ್ರಿ ಬೇಟೆ ನಿಂತು, ಹಗಲಿನ ಬೇಟೆಗೂ ಪರವಾನಗಿ ಕಡ್ಡಾಯವಾಯಿತು. ಆದರೆ ಗುಂಡೇಟು, ವಾಹನ ಅಪಘಾತ ಮತ್ತು ಆಡಳಿತದ ಹಿಂಜರಿಕೆಗಳಿಂದ ತೋಳಗಳ ಸಂಖ್ಯೆ ಕುಸಿಯುತ್ತಲೇ ಹೋಗಿ, 2020ರ ವೇಳೆಗೆ ಕಾಡಿನಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಉಳಿದವು.

ಈ ಪ್ರಕರಣದಲ್ಲಿ ಒಂದು ಕುತೂಹಲದ ಸಂಗತಿಯಿದೆ. ತೋಳಗಳ ನೆಲೆಯಲ್ಲಿ ಜೀವಶಾಸ್ತ್ರಜ್ಞರು ಕೆಲವು ಕಯೋಟಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ಮತ್ತೆ ಅಲ್ಲಿಯೇ ಬಿಡುತ್ತಿದ್ದರು. ಅಂತಹ ಜೋಡಿ ತನ್ನ ಸೀಮೆಯನ್ನು ಕಾಯುತ್ತ ಹೊಸ ಕಯೋಟಿಗಳನ್ನು ಒಳಗೆ ಬಿಡುವುದಿಲ್ಲ, ತೋಳದೊಂದಿಗೆ ಬೆರೆತು ಮಿಶ್ರ ಸಂತಾನವನ್ನೂ ಹುಟ್ಟಿಸುವುದಿಲ್ಲ. ಹೀಗೆ ಕಾವಲಿಗಿಟ್ಟ ಕಯೋಟಿಯನ್ನು ಬೇಟೆಗಾರನು ಹೊಡೆದಾಗ ತೋಳಕ್ಕೆ ನೆರವಾದಂತಾಗಲಿಲ್ಲ; ಬೇಲಿಯ ಒಂದು ಗೂಟ ಕಿತ್ತಂತಾಯಿತು.

ಕಾನೂನು

ಕಯೋಟಿ ಬೇಟೆಯ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಭಿನ್ನ. ಟೆಕ್ಸಸ್‌ನಲ್ಲಿ ವರ್ಷದ ಎಲ್ಲ ದಿನವೂ ಬೇಟೆಗೆ ಅವಕಾಶವಿದೆ. ನ್ಯೂಯಾರ್ಕ್‌ನಲ್ಲಿ ಅಕ್ಟೋಬರ್ 1ರಿಂದ ಮಾರ್ಚ್ ತಿಂಗಳ ಕೊನೆಯ ಭಾನುವಾರದವರೆಗೆ ಮಾತ್ರ; ಆ ಅವಧಿಯಲ್ಲಿ ರಾತ್ರಿಯೂ ಬೇಟೆಯಾಡಬಹುದು. ಕೃತಕ ಬೆಳಕು, ರಾತ್ರಿದೃಷ್ಟಿ ಸಾಧನ, ವಿದ್ಯುನ್ಮಾನ ಕೂಗುಯಂತ್ರಗಳನ್ನು ಕೆಲವು ರಾಜ್ಯಗಳು ಅನುಮತಿಸಿದರೆ ಕೆಲವು ನಿಷೇಧಿಸುತ್ತವೆ. ಯೂಟಾ ರಾಜ್ಯವು ಜಿಂಕೆಗಳ ರಕ್ಷಣೆಯ ಹೆಸರಿನಲ್ಲಿ 2012ರಿಂದ ಪ್ರತಿ ಕಯೋಟಿಗೆ 50 ಡಾಲರ್ ಬಹುಮಾನ ನೀಡುತ್ತ ಬಂದಿದೆ. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡುಗಳನ್ನು ನಿಷೇಧಿಸಲಾಗಿದೆ. ಹೊಡೆದು ಬಿಟ್ಟ ಕಯೋಟಿಯ ಶವವನ್ನು ಹದ್ದುಗಳು ತಿಂದಾಗ ಸೀಸದ ಚೂರುಗಳು ಅವುಗಳ ಹೊಟ್ಟೆ ಸೇರುವುದರಿಂದ ಈ ನಿಯಮ ಕಯೋಟಿ ಬೇಟೆಗೂ ಮಹತ್ವದ್ದು.

ಗೊತ್ತಾದ ಸಮಯದಲ್ಲಿ ಅತಿ ಹೆಚ್ಚು ಕಯೋಟಿಗಳನ್ನು ಕೊಂದವರಿಗೆ ಬಹುಮಾನ ಕೊಡುವ ಸ್ಪರ್ಧೆಗಳು ಬಹುಕಾಲ ನಡೆದಿವೆ. 2014ರಲ್ಲಿ ಕ್ಯಾಲಿಫೋರ್ನಿಯ ಇಂತಹ ಬಹುಮಾನವನ್ನು ನಿಷೇಧಿಸಿತು. 2018ರಲ್ಲಿ ವರ್ಮಾಂಟ್, 2019ರಲ್ಲಿ ನ್ಯೂಮೆಕ್ಸಿಕೊ ರಾಜ್ಯಗಳು ಕಯೋಟಿ ಸ್ಪರ್ಧೆಗಳನ್ನು ನಿಲ್ಲಿಸಿದವು. ಮುಂದೆ ಇತರ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು. ಬೇಟೆಯನ್ನು ಒಪ್ಪುವ ಅನೇಕರೂ ಈ ಸ್ಪರ್ಧೆಗಳನ್ನು ಒಪ್ಪುವುದಿಲ್ಲ.

ಬೇಟೆಯಿಂದ ಕಯೋಟಿ ಕಡಿಮೆಯಾಗುವುದೇ?

ನೂರು ವರ್ಷಕ್ಕೂ ಮಿಕ್ಕಿ ಕೊಂದ ಮೇಲೆ ಕಯೋಟಿಯ ನೆಲೆ ಮೊದಲಿಗಿಂತ ವಿಸ್ತಾರವಾಗಿದೆ. ಇದಕ್ಕೆ ಅದರ ಸಂತಾನಶಕ್ತಿಯೇ ಕಾರಣವೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಸಂಖ್ಯೆ ತಗ್ಗಿದಾಗ ಉಳಿದವಕ್ಕೆ ಆಹಾರ ಹೆಚ್ಚು ಸಿಗುತ್ತದೆ, ಎಳೆಯ ಹೆಣ್ಣುಗಳೂ ಮರಿ ಹಾಕುತ್ತವೆ, ಮರಿಗಳಲ್ಲಿ ಬದುಕುಳಿಯುವವು ಹೆಚ್ಚುತ್ತವೆ, ಸುತ್ತಲಿನ ಅಲೆಮಾರಿ ಕಯೋಟಿಗಳು ಖಾಲಿಯಾದ ಸೀಮೆಗೆ ಬಂದು ಸೇರುತ್ತವೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಗೈ ಕಾನಲಿ ಮತ್ತು ವಿಲಿಯಂ ಲಾಂಗ್‌ಹರ್ಸ್ಟ್ 1975ರಲ್ಲಿ ಪ್ರಕಟಿಸಿದ ಗಣಿತ ಮಾದರಿಯ ಪ್ರಕಾರ, ಪ್ರತಿವರ್ಷ ಶೇಕಡಾ 75ರಷ್ಟು ಕಯೋಟಿಗಳನ್ನು ಕೊಲ್ಲುತ್ತ ಹೋದರೂ ಅವು ನಿರ್ನಾಮವಾಗಲು ಐವತ್ತು ವರ್ಷಕ್ಕೂ ಹೆಚ್ಚು ಬೇಕು.

ಹಾಗೆಂದು ಬೇಟೆಯಿಂದ ಯಾವ ಪ್ರಯೋಜನವೂ ಇಲ್ಲವೆಂದು ಹೇಳುವುದೂ ಅತಿಯಾದೀತು. ಕ್ಯಾಲಿಫೋರ್ನಿಯದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದ ಅಧ್ಯಯನಗಳು ಕುರಿಗಳನ್ನು ಕೊಲ್ಲುವುದು ಹೆಚ್ಚಾಗಿ ಮರಿಗಳುಳ್ಳ, ಸೀಮೆ ಹಿಡಿದ ಜೋಡಿಗಳೆಂದು ತೋರಿಸಿದವು. ಆ ಜೋಡಿಯನ್ನೇ ಗುರುತಿಸಿ ತೆಗೆದಾಗ ಕೆಲವು ಕಾಲ ಕುರಿಮರಿಗಳ ನಷ್ಟ ತಗ್ಗಿತು. ಎಲ್ಲೆಲ್ಲೋ ಸಿಕ್ಕ ಕಯೋಟಿಗಳನ್ನು ಕೊಂದುದರಿಂದ ಅಂತಹ ಫಲ ಕಾಣಲಿಲ್ಲ. ಯೂಟಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂತಾನಹರಣ ಮಾಡಿದ ಜೋಡಿಗಳು, ಉಣಿಸಲು ಮರಿಗಳಿಲ್ಲದ್ದರಿಂದ, ಬಹಳ ಕಡಿಮೆ ಕುರಿಮರಿಗಳನ್ನು ಕೊಂದವು. ಕುರಿಯ ತಂಟೆಗೆ ಹೋಗದ ಜೋಡಿಯೊಂದು ತನ್ನ ಸೀಮೆಯನ್ನು ಕಾಯುತ್ತಿದ್ದರೆ ಅದನ್ನು ಕೊಲ್ಲುವುದು ಸಾಕಣೆದಾರನಿಗೇ ನಷ್ಟವಾಗಬಹುದು. ಅದರ ಜಾಗಕ್ಕೆ ಬರುವ ಹೊಸ ಜೋಡಿಯ ಸ್ವಭಾವ ಹೇಗಿರುತ್ತದೆಂದು ಯಾರೂ ಹೇಳಲಾರರು.

ಇತರ ಉಪಾಯಗಳು

ರಾತ್ರಿ ಕುರಿಗಳನ್ನು ಭದ್ರವಾದ ದೊಡ್ಡಿಗೆ ಕೂಡುವುದು, ಮರಿ ಹಾಕುವ ಕುರಿಗಳನ್ನು ಕೊಟ್ಟಿಗೆಯಲ್ಲಿರಿಸುವುದು, ಸತ್ತ ಪ್ರಾಣಿಗಳನ್ನು ಹೂಳುವುದು ಹಳೆಯ ಕ್ರಮಗಳು. ರಾತ್ರಿಯಾಗುತ್ತಲೇ ಹಿಂಡನ್ನು ರೊಪ್ಪದೊಳಗೆ ಸೇರಿಸಿ ನಾಯಿಯೊಂದಿಗೆ ಕಾವಲು ಮಲಗುವ ನಮ್ಮ ಕುರಿಗಾಹಿಗಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಅಮೆರಿಕದಲ್ಲಿ ಹಿಂಡುಗಳು ದೊಡ್ಡವು, ಹುಲ್ಲುಗಾವಲು ವಿಶಾಲ, ಕೂಲಿಯಾಳು ದುಬಾರಿ. ಆದ್ದರಿಂದ ಅಲ್ಲಿ ಗ್ರೇಟ್ ಪಿರನೀಸ್, ಅಕ್ಬಾಷ್, ಅನತೋಲಿಯನ್ ಮುಂತಾದ ಯುರೋಪ್ ಮತ್ತು ತುರ್ಕಿ ಮೂಲದ ಕಾವಲು ನಾಯಿಗಳನ್ನು ಹಿಂಡಿನೊಂದಿಗೇ ಬೆಳೆಸುತ್ತಾರೆ. ಲಾಮಾ ಮತ್ತು ಕತ್ತೆಗಳೂ ಕಾವಲಿಗೆ ಬರುತ್ತವೆ. ಕತ್ತೆಗೆ ನಾಯಿಜಾತಿಯ ಪ್ರಾಣಿಗಳ ಮೇಲೆ ಸಹಜ ದ್ವೇಷವಿದ್ದು ಒದೆದು ಓಡಿಸುತ್ತದೆ. ಕೋಳಿಗೂಡಿಗೆ ಆಳೆತ್ತರದ ಬೇಲಿ ಬೇಕು. ಕಯೋಟಿ ಹಾರುವುದಲ್ಲದೆ ತೋಡುವುದರಿಂದ ತಂತಿಬಲೆಯ ಅಂಚನ್ನು ಹೊರಮುಖವಾಗಿ ಮಡಿಸಿ ನೆಲದಲ್ಲಿ ಹೂಳುತ್ತಾರೆ. ವಿದ್ಯುತ್ ಬೇಲಿಯೂ ಬಳಕೆಯಲ್ಲಿದೆ. ಅಂಗಳಕ್ಕೆ ಬಂದ ಕಯೋಟಿಯನ್ನು ಕಂಡು ಓಡದೆ, ಕೈಯೆತ್ತಿ ಗದ್ದಲ ಮಾಡಿ, ಅದು ಪೂರ್ತಿ ಹೊರಟುಹೋಗುವವರೆಗೆ ಬೆದರಿಸಬೇಕೆಂದು ಅಲ್ಲಿನ ವನ್ಯಜೀವಿ ಇಲಾಖೆಗಳು ಸೂಚಿಸುತ್ತವೆ.

ಕನ್ನಡಿಗರು ಮತ್ತು ಕಯೋಟಿ

ಕ್ಯಾಲಿಫೋರ್ನಿಯ, ಟೆಕ್ಸಸ್, ಇಲಿನಾಯ್ ಮೊದಲಾದ ರಾಜ್ಯಗಳ ನಗರದಂಚಿನ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳ ಹಿತ್ತಲಿಗೂ ಕಯೋಟಿ ಬರುತ್ತದೆ. ಇಂತಹ ಬಡಾವಣೆಗಳಲ್ಲಿ ಬಂದೂಕು ಹಾರಿಸುವುದು ಸಾಮಾನ್ಯವಾಗಿ ಅಪರಾಧ. ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ಇರುವ ಹಿರಿಯರು ಮುಂಜಾವಿನ ನಡಿಗೆಯಲ್ಲಿ ಇದನ್ನು ಬೀದಿನಾಯಿಯೆಂದು ತಿಳಿದು ಅನ್ನ ಹಾಕಲು ಹೋಗುವುದುಂಟು. ಕಯೋಟಿಗೆ ಆಹಾರ ಹಾಕುವುದು ಹಲವೆಡೆ ಕಾನೂನುಬಾಹಿರ. ಚಿಕ್ಕ ಸಾಕುನಾಯಿಯನ್ನು ಕತ್ತಲಾದ ಮೇಲೆ ಒಂಟಿಯಾಗಿ ಹಿತ್ತಲಿಗೆ ಬಿಡಬಾರದು.

ಭಾರತದಲ್ಲಿ ಕಯೋಟಿಯ ಹತ್ತಿರದ ಬಂಧುಗಳೆಂದರೆ ತೋಳ ಮತ್ತು ನರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವೆರಡರ ಬೇಟೆಯೂ ನಿಷಿದ್ಧವಾಗಿದೆ.